ಜಂಗಮವಾಣಿಯೂ ನಿಂದಾಸ್ತುತಿ ವಿವೇಕವೂ

ಬಾಯಿಂದ ಹೊರಟ ಮಾತು ಹಿಂದಕ್ಕೆ ಬಾರದೆಂಬುದು ಹಿರಿಯರ ಅನುಭವ. ಆದುದರಿಂದಲೇ ಶಿವಶರಣರು ನುಡಿಯನ್ನು ಕೇವಲ ವ್ಯವಹಾರಸಾಧನವೆಂದು ಬಗೆಯದೆ, ನಡೆಯಂತೆಯೇ ಲಿಂಗಕ್ಕೆ ಅರ್ಪಿತವಾಗಬೇಕಾದ ಪದಾರ್ಥವೆಂದು ತಿಳಿದರು. ಇಂದು ನುಡಿಯ ಸಂಚಾರಕ್ಕೆ ಹೊಸದೊಂದು ಮಾರ್ಗವು ತೆರೆದಿದೆ. ಕೈಯಲ್ಲಿ ಹಿಡಿದು ತಿರುಗುವ ಮೊಬೈಲಿಗೆ ಕನ್ನಡಿಗರು ಜಂಗಮವಾಣಿಯೆಂಬ ಹೆಸರನ್ನೂ ಇಟ್ಟಿದ್ದಾರೆ. ಅಷ್ಟಾವರಣಗಳಲ್ಲಿ ಗುರು ಲಿಂಗಗಳೊಡನೆ ಎಣಿಸಲ್ಪಡುವ ಜಂಗಮದ ಹೆಸರು ಈ ಯಂತ್ರಕ್ಕೆ ಬಂದುದು ಅದು ಚಲಿಸುತ್ತದೆಂಬ ಕಾರಣದಿಂದ ಮಾತ್ರ. ಅದರ ಮೂಲಕ ಹೊರಡುವ ಮಾತಿನಲ್ಲಿ ಜಂಗಮಗುಣವಿರುವುದೋ ಇಲ್ಲವೋ ಎಂಬುದು ಹಿಡಿದವನ ಮನಸ್ಸನ್ನು ಅವಲಂಬಿಸಿದೆ.

ಫೇಸ್‌ಬುಕ್ಕಿನಲ್ಲಿಯೋ ವಾಟ್ಸಾಪ್ ಗುಂಪಿನಲ್ಲಿಯೋ ಒಬ್ಬ ಗೃಹಸ್ಥನು ಒಂದು ಚಿತ್ರವನ್ನು ಹಾಕುತ್ತಾನೆ, ಇಲ್ಲವೆ ನಾಲ್ಕು ಸಾಲು ಬರೆಯುತ್ತಾನೆ. ಹತ್ತು ಜನ ಮೆಚ್ಚುತ್ತಾರೆ. ಹನ್ನೊಂದನೆಯವನು ಕಟುವಾಗಿ ಬರೆಯುತ್ತಾನೆ. ಹತ್ತರ ಮೆಚ್ಚುಗೆ ಮರೆತುಹೋಗಿ ಆ ಒಂದು ಮಾತು ರಾತ್ರಿಯೆಲ್ಲ ಎದೆಯನ್ನು ಕೊರೆಯುತ್ತದೆ. ಮಹಾನಗರದಲ್ಲಿ ಹಾಗೆ ಬರೆದವನು ಅಪರಿಚಿತನಿರಬಹುದು. ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿ ಅವನು ಬೀಗರ ಮನೆಯವನೋ, ದಾಯಾದಿಯೋ, ಪಕ್ಕದ ತೋಟದವನೋ ಆಗಿರುತ್ತಾನೆ. ಮುಂದಿನ ಮದುವೆಯ ಪಂಕ್ತಿಯಲ್ಲಿ ಅವನ ಪಕ್ಕದಲ್ಲಿಯೇ ಕುಳಿತು ಪ್ರಸಾದವನ್ನು ಸ್ವೀಕರಿಸಬೇಕಾಗುತ್ತದೆ. ಆದುದರಿಂದ ಇಲ್ಲಿಯ ಜನರಿಗೆ ಇದು ಯಂತ್ರದೊಳಗಿನ ಜಗಳವಾಗಿ ಉಳಿಯುವುದಿಲ್ಲ. ಮನೆಮನೆಯ ಸಂಬಂಧದ ಪ್ರಶ್ನೆಯಾಗುತ್ತದೆ.

ಅಕ್ಕಮಹಾದೇವಿಯ ಪ್ರಸಿದ್ಧ ವಚನವೊಂದು ಬೆಟ್ಟ, ಕಡಲತಡಿ, ಸಂತೆ ಎಂಬ ಮೂರು ದೃಷ್ಟಾಂತಗಳಿಂದ ಈ ವಿಷಯವನ್ನೇ ಬೋಧಿಸುತ್ತದೆ. ನೆಲೆಸಲು ಆರಿಸಿಕೊಂಡ ಜಾಗದ ಸ್ವಭಾವವನ್ನು ಕಂಡು ಹೆದರುವುದು ವಿವೇಕವಲ್ಲ; ಲೋಕದಲ್ಲಿ ಜನ್ಮತಾಳಿದ ಮೇಲೆ ಹೊಗಳಿಕೆ ತೆಗಳಿಕೆಗಳೆರಡೂ ಒದಗುವುವು; ಆಗ ಕೋಪಕ್ಕೆ ಎಡೆಗೊಡದೆ ಸಮಾಧಾನದಿಂದಿರಬೇಕೆಂಬುದು ಅದರ ತಾತ್ಪರ್ಯ. ಬೀರೂರಿನ ಮಾರುಕಟ್ಟೆಗೆ ಕೊಬ್ಬರಿಯನ್ನು ಒಯ್ದ ರೈತನು ಅಲ್ಲಿಯ ಗದ್ದಲಕ್ಕೆ ಮುನಿಯುವುದಿಲ್ಲ. ತನ್ನ ಸರಕನ್ನು ನೋಡಿದವರೆಲ್ಲ ಒಳ್ಳೆಯ ಮಾತನ್ನೇ ಆಡಬೇಕೆಂದೂ ಅವನು ಬಯಸುವುದಿಲ್ಲ. ಸಾಮಾಜಿಕ ಜಾಲತಾಣವೂ ಒಂದು ಸಂತೆಯೇ. ಅಲ್ಲಿ ಮಾತನ್ನು ಹರವಿದವನು ಮೊದಲು ಇದನ್ನು ಅರಿತಿರಬೇಕು.

ಸಮಾಧಾನವೆಂದರೆ ಎಲ್ಲವನ್ನೂ ಸುಮ್ಮನೆ ಸಹಿಸುವುದೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಬಂದ ಮಾತು ಯಾವ ಜಾತಿಯದೆಂದು ವಿಂಗಡಿಸುವ ಶಕ್ತಿಯೇ ಸಮಾಧಾನದ ಫಲ. ಕುಪಿತನಾದವನಿಗೆ ಎಲ್ಲ ಮಾತುಗಳೂ ನಿಂದೆಯಾಗಿಯೇ ಕಾಣುತ್ತವೆ. ಶಾಂತನಾದವನಿಗೆ ಅವು ನಾಲ್ಕು ಬಗೆಯಾಗಿ ತೋರುತ್ತವೆ: ತಿದ್ದುವ ಮಾತು, ಭಿನ್ನಾಭಿಪ್ರಾಯ, ಅಪಹಾಸ್ಯ, ಬೆದರಿಕೆ. ನಾಲ್ಕಕ್ಕೂ ಒಂದೇ ಮದ್ದಿಲ್ಲ.

ಮೊದಲನೆಯದು ತಿದ್ದುವ ಮಾತು. ತರೀಕೆರೆಯ ಕಡೆಯ ಅಡಿಕೆ ಬೆಳೆಗಾರನೊಬ್ಬನು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಾಡುವ ಕ್ರಮವನ್ನು ಗುಂಪಿನಲ್ಲಿ ಬರೆದನೆಂದು ಭಾವಿಸಬಹುದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬುದು ಶೇಕಡಾ 1ರ ದ್ರಾವಣದ ಪ್ರಮಾಣ. ಅವನು ಸುಣ್ಣದ ಅಳತೆಯನ್ನು ಕಡಿಮೆ ಬರೆದುಬಿಟ್ಟನು. ಯಾವನೋ ಕಿರಿಯನು, “ಅಣ್ಣಾ, ಲೆಕ್ಕ ತಪ್ಪಿದೆ” ಎಂದು ಎಲ್ಲರೆದುರಿಗೆ ಬರೆದನು. ಅಭಿಮಾನಕ್ಕೆ ಪೆಟ್ಟುಬಿದ್ದು ಆ ಮಾತನ್ನು ಅಳಿಸಿಹಾಕಿದರೆ ಅವನ ಮಾನವೇನೋ ಆ ದಿನಕ್ಕೆ ಉಳಿದೀತು. ಸುಣ್ಣ ಸಾಲದ ದ್ರಾವಣವನ್ನು ಸಿಂಪಡಿಸಿದವನ ತೋಟದಲ್ಲಿ ತಾಮ್ರದ ತೀಕ್ಷ್ಣತೆಗೆ ಗರಿಯೂ ಕಾಯಿಯೂ ಸುಟ್ಟಾವು. ಇಂತಹ ಪ್ರತಿಕ್ರಿಯೆಯು ಬೇಡವಾದುದಾಗಿ ತೋರಿದರೂ ಬೇಕಾದುದೇ ಆಗಿದೆ. ತಿದ್ದಿದವನಿಗೆ ಶರಣೆಂದು ಹೇಳಿ, ಸರಿಯಾದ ಲೆಕ್ಕವನ್ನು ಮೊದಲಿನ ಬರಹದ ಜಾಗದಲ್ಲಿಯೇ ಕಾಣಿಸುವುದು ಧರ್ಮ. ಕಿರಿಯನೆಂಬ ಕಾರಣದಿಂದ ಸತ್ಯವು ಕಿರಿದಾಗುವುದಿಲ್ಲ.

ಎರಡನೆಯದು ಭಿನ್ನಾಭಿಪ್ರಾಯ. 2018ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಪ್ರತ್ಯೇಕ ಧರ್ಮದ ಮಾನ್ಯತೆಯನ್ನು ಕುರಿತು ಕೇಂದ್ರಕ್ಕೆ ಶಿಫಾರಸು ಮಾಡಲು ನಿರ್ಣಯಿಸಿದ ಕಾಲದಲ್ಲಿ, ಒಂದೇ ವಿಭೂತಿಯನ್ನು ಧರಿಸಿದ ಬಂಧುಗಳು ಎರಡು ಪಕ್ಷವಾಗಿ ಮೊಬೈಲುಗಳಲ್ಲಿ ವಾದಿಸಿದುದನ್ನು ಸಮಾಜವು ಕಂಡಿದೆ. ವಾದವು ತಪ್ಪಲ್ಲ. ಅನುಭವಮಂಟಪದ ಪರಂಪರೆಯೇ ಪ್ರಶ್ನೋತ್ತರದ ಪರಂಪರೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕನನ್ನು ತುಂಬಿದ ಸಭೆಯಲ್ಲಿ ಕಠಿಣವಾಗಿಯೇ ಪ್ರಶ್ನಿಸುತ್ತಾರೆ, ಅವಳು ವಿಷಯಕ್ಕೆ ತಕ್ಕ ಉತ್ತರವನ್ನೇ ಕೊಡುತ್ತಾಳೆ. ಪ್ರಶ್ನಿಸಿದವರ ಕುಲವನ್ನಾಗಲಿ ಮನೆತನವನ್ನಾಗಲಿ ಎತ್ತಿ ಆಡುವುದಿಲ್ಲ. ಅಭಿಪ್ರಾಯಕ್ಕೆ ಅಭಿಪ್ರಾಯದಿಂದ ಒಮ್ಮೆ ಉತ್ತರಿಸಬೇಕು, ಅಗತ್ಯವಿದ್ದರೆ ಇನ್ನೊಮ್ಮೆ. ಮೂರನೆಯ ಸಲ ಬರೆಯುವ ಮುನ್ನ, ತಾನು ತಿಳಿಸಲು ಬರೆಯುತ್ತಿರುವೆನೋ ಗೆಲ್ಲಲು ಬರೆಯುತ್ತಿರುವೆನೋ ಎಂದು ಕೇಳಿಕೊಳ್ಳಬೇಕು.

ಮೂರನೆಯದು ಅಪಹಾಸ್ಯ. ಅಜ್ಜಂಪುರದ ಕಡೆಯ ಮನೆಯೊಂದರಲ್ಲಿ ಮಗಳ ಮದುವೆಯ ಚಿತ್ರಗಳನ್ನು ಹಾಕಿದಾಗ, “ಈರುಳ್ಳಿ ಮಾರಿದ ದುಡ್ಡೆಲ್ಲ ಚಪ್ಪರಕ್ಕೇ ಹೋಯಿತೇ?” ಎಂದು ಬಂಧುವೊಬ್ಬನು ಬರೆದನೆನ್ನಬಹುದು. ಇದರಲ್ಲಿ ತಿದ್ದುವ ಮಾತಿಲ್ಲ, ಅಭಿಪ್ರಾಯವೂ ಇಲ್ಲ. ಇದಕ್ಕೆ ಅಲ್ಲಿಯೇ ಉತ್ತರ ಬರೆದರೆ ನೋಡುವವರಿಗೆ ಅದೊಂದು ಕೋಳಿಯ ಅಂಕ. ಬರೆದವನು ಹತ್ತಿರದವನಾದರೆ, ಎರಡು ದಿನ ಕಳೆದ ಮೇಲೆ ಅವನ ಮನೆಗೆ ಹೋಗಿ, “ಮಾವಾ, ಆ ಮಾತಿನಿಂದ ಮಗುವಿಗೆ ನೋವಾಯಿತು” ಎಂದು ನೇರವಾಗಿ ಹೇಳಬಹುದು. ಎದುರಿಗೆ ಕುಳಿತಾಗ ಮನುಷ್ಯನಿಗೆ ಇರುವ ದಾಕ್ಷಿಣ್ಯವು ಗಾಜಿನ ಹಲಗೆಯ ಮುಂದೆ ಇರುವುದಿಲ್ಲ. ಆ ಬರಹವನ್ನು ಮರೆಮಾಡುವುದಕ್ಕೂ ಅಡ್ಡಿಯಿಲ್ಲ. ಫೇಸ್‌ಬುಕ್ಕಿನಲ್ಲಿ ಮರೆಮಾಡಿದ ಮಾತು ಬರೆದವನಿಗೂ ಅವನ ಮಿತ್ರರಿಗೂ ಕಾಣುತ್ತಿದ್ದು, ಉಳಿದವರ ಕಣ್ಣಿಗೆ ಬೀಳುವುದಿಲ್ಲ; ಆದುದರಿಂದ ಅವನಿಗೆ ಅವಮಾನವಾಗದೆಯೇ ವಿಷಯವು ಮುಗಿಯುತ್ತದೆ. ಬರುವ ಮಾತುಗಳನ್ನು ಮಿತ್ರರಿಗಷ್ಟೇ ಸೀಮಿತಗೊಳಿಸುವ ಏರ್ಪಾಡೂ ಅಲ್ಲಿದೆ.

ನಿಂದೆಯ ಸಂದರ್ಭದಲ್ಲಿ ಬೆಂಬಲಿಗರಿಂದ ಆಗುವ ಕೇಡು ಕೆಲವೊಮ್ಮೆ ನಿಂದಕನಿಂದ ಆಗುವ ಕೇಡಿಗಿಂತ ಹೆಚ್ಚು. ಇದಕ್ಕೆ ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವು ನಿದರ್ಶನ. ಇಂದಿನ ಸೊಲ್ಲಾಪುರವಾದ ಸೊನ್ನಲಿಗೆಗೆ ಬಂದ ಅಲ್ಲಮಪ್ರಭುಗಳು, ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ವೊಡ್ಡನೆಂದು ಹಗುರವಾಗಿ ಕರೆದರು. ಕೇಳಿದ ಶಿಷ್ಯರು ಒಡೆಯನ ಮೇಲಿನ ಪ್ರೀತಿಯಿಂದ ಕಲ್ಲುಗಳನ್ನು ತೂರಿದರು. ಅಲ್ಲಮರಿಗೆ ಒಂದೂ ತಾಗಲಿಲ್ಲ. ಬಳಿಕ ಸಿದ್ಧರಾಮನೇ ಬಂದು ಕೋಪದಿಂದ ಹಣೆಗಣ್ಣನ್ನು ತೆರೆದನು. ಆ ಉರಿಯೂ ಅಲ್ಲಮರನ್ನು ಸುಡಲಿಲ್ಲ. ಕೋಪವಡಗಿದಾಗ ಮಾತ್ರ ಆ ಕಟುನುಡಿಯೊಳಗೆ ಅಡಗಿದ್ದ ಉಪದೇಶವು, ಅಂದರೆ ಮಾಡಿದ ಕೆಲಸದ ಮೇಲಣ ಮಮಕಾರವನ್ನು ಬಿಡಬೇಕೆಂಬುದು, ಅವನಿಗೆ ತಿಳಿಯಿತು. ಇಂದು ಒಬ್ಬನನ್ನು ಯಾರಾದರೂ ಹಳಿದರೆ ಅವನ ಸ್ನೇಹಿತರು ಇಪ್ಪತ್ತು ಮಂದಿ ಮುಗಿಬೀಳುತ್ತಾರೆ. ಅದೂ ಕಲ್ಲು ತೂರುವುದೇ. “ನನ್ನ ಪರವಾಗಿ ಯಾರೂ ಬೈಯಬೇಡಿ” ಎಂದು ಸ್ನೇಹಿತರನ್ನು ತಡೆಯುವುದು ಬರಹ ಹಾಕಿದವನ ಮೊದಲ ಹೊಣೆ.

ನಾಲ್ಕನೆಯದು ಬೆದರಿಕೆ. ಕಡೂರಿನ ಕಾಲೇಜಿಗೆ ಹೋಗುವ ಹೆಣ್ಣುಮಗಳೊಬ್ಬಳ ಚಿತ್ರವನ್ನು ಕದ್ದು, ವಿಕಾರಗೊಳಿಸಿ, ಹರಡುವೆನೆಂದು ಯಾವನಾದರೂ ಹೆದರಿಸಿದರೆ ಅಲ್ಲಿ ಕ್ಷಮೆಯ ಮಾತನ್ನು ಆಡಬಾರದು. ಮನೆಯ ಮಾನವೆಂದು ಮುಚ್ಚಿಡುವುದೂ, ಚಿತ್ರ ಹಾಕಿದುದೇ ತಪ್ಪೆಂದು ಮಗಳನ್ನು ಗದರುವುದೂ ಅಧರ್ಮ, ತಪ್ಪು ಬೆದರಿಸಿದವನದು. ಗಾಬರಿಯಿಂದ ಎಲ್ಲವನ್ನೂ ಅಳಿಸುವ ಮುನ್ನ, ದಿನ ವೇಳೆಗಳು ಕಾಣುವಂತೆ ಪರದೆಯ ಚಿತ್ರವನ್ನು ತೆಗೆದಿಡಬೇಕು, ಅದೇ ಸಾಕ್ಷಿ. ಅನಂತರ ಅವನನ್ನು ನಿರ್ಬಂಧಿಸಿ, ಸಮೀಪದ ಪೊಲೀಸು ಠಾಣೆಯಲ್ಲಿಯೋ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೋ ದೂರು ಕೊಡಬೇಕು. ಕೂಡಲೇ ರಕ್ಷಣೆ ಬೇಕಾದರೆ 112ಕ್ಕೆ ಕರೆಮಾಡಬೇಕು. ಹಣದ ವಂಚನೆಯೂ ಸೇರಿದ್ದರೆ 1930 ಎಂಬ ಸಂಖ್ಯೆಯಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಜಾಲತಾಣದ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಿ, ಬಂದ ದೂರನ್ನು 24 ಗಂಟೆಗಳೊಳಗೆ ಸ್ವೀಕರಿಸಿದುದಾಗಿ ತಿಳಿಸಬೇಕು.

ದೇಶದ ಕಾನೂನೂ ಈ ವಿಂಗಡಣೆಯನ್ನು ಮಾಡುತ್ತದೆ. ಕಿರಿಕಿರಿಯುಂಟುಮಾಡುವ ಬರಹವನ್ನೂ ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚಿ 24ರಂದು ರದ್ದುಪಡಿಸಿತು. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ 351ನೆಯ, ಮಾನಹಾನಿಗೆ 356ನೆಯ ಕಲಮುಗಳಿವೆ. ಮನಸ್ಸಿಗೆ ಹಿಡಿಸದ ಮಾತು ಬೇರೆ, ಕೇಡು ಮಾಡುವ ಮಾತು ಬೇರೆ. ಹಿಡಿಸದ ಮಾತಿಗೆಲ್ಲ ಠಾಣೆಯ ಮೆಟ್ಟಿಲನ್ನೇರುವುದೂ, ಕೇಡಿನ ಮಾತನ್ನು ನುಂಗಿಕೊಂಡು ಕೂರುವುದೂ ಎರಡೂ ಅವಿವೇಕ.

ಇವೆಲ್ಲ ರೋಗ ಬಂದ ಮೇಲಿನ ಚಿಕಿತ್ಸೆ. ರೋಗದ ಮೂಲವು ಹೊಗಳಿಕೆಯ ಹಸಿವಿನಲ್ಲಿದೆ. ಸ್ತುತಿಯನ್ನು ಬಸವಣ್ಣನವರು ಚಿನ್ನದ ಶೂಲಕ್ಕೆ ಹೋಲಿಸಿದರು. ಚಿನ್ನದ್ದಾದರೂ ಶೂಲವು ಶೂಲವೇ. ಮೆಚ್ಚುಗೆಯ ಸಂಖ್ಯೆಯನ್ನು ಗಳಿಗೆಗೊಮ್ಮೆ ಎಣಿಸುವವನಿಗೆ ನಿಂದೆಯು ಇಮ್ಮಡಿಯಾಗಿ ಚುಚ್ಚುತ್ತದೆ. ಅವರ ಮತ್ತೊಂದು ವಚನವು ಏಳು ನಿಷೇಧಗಳನ್ನು ಹೇಳಿ, ಅಂತರಂಗ ಬಹಿರಂಗಗಳೆರಡರ ಶುದ್ಧಿಯೂ ಅವುಗಳಲ್ಲಿಯೇ ಇದೆಯೆಂದು ಸಾರುತ್ತದೆ. ಕಳವು ಕೊಲೆಗಳನ್ನು ಬಿಟ್ಟರೆ ಉಳಿಯುವ ಐದು, ಅಂದರೆ ಅಸತ್ಯ, ಕೋಪ, ಪರರ ಬಗೆಗಿನ ಅಸಹನೆ, ಆತ್ಮಪ್ರಶಂಸೆ, ಪರನಿಂದೆಗಳು, ಜಾಲತಾಣದ ವ್ಯವಹಾರಕ್ಕೆ ನೇರವಾಗಿ ಅನ್ವಯಿಸುತ್ತವೆ. ಒಂದು ಬರಹವನ್ನು ಹಾಕುವ ಮುನ್ನ ಈ ಐದರ ಒರೆಗಲ್ಲಿಗೆ ತಿಕ್ಕಿ ನೋಡಿದರೆ ಬೇಡದ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಇದೇ ನಿಯಮವು ಪರರ ಬರಹಕ್ಕೆ ಪ್ರತಿಕ್ರಿಯಿಸುವಾಗಲೂ ಸಲ್ಲುತ್ತದೆ. ತನಗೆ ಬೇಡವಾದುದನ್ನು ಇನ್ನೊಬ್ಬರ ಅಂಗಳಕ್ಕೆ ಎಸೆಯಬಾರದು.

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ 1196ರಲ್ಲಿ ನಿರ್ಮಿತವಾದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನಕವಿ. ಕಲ್ಲಿನಲ್ಲಿ ಕೊರೆಯಬೇಕಾದ ಅಕ್ಷರವನ್ನು ಕವಿಯೂ ತೂಗಿ ಬರೆದನು, ಕಲ್ಲುಕುಟಿಗನೂ ನೋಡಿ ಕೊರೆದನು. ಮೊಬೈಲಿನ ಅಕ್ಷರವು ನೀರಮೇಲಣ ಬರಹದಂತೆ ತೋರುತ್ತದೆ. ವಾಟ್ಸಾಪಿನಲ್ಲಿ ಕಳುಹಿಸಿದುದನ್ನು 15 ನಿಮಿಷಗಳೊಳಗೆ ತಿದ್ದಬಹುದು, ಎರಡು ದಿನಗಳಿಗಿಂತ ತುಸು ಹೆಚ್ಚಿನ ಅವಧಿಯೊಳಗೆ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಆದರೆ ಅಷ್ಟರಲ್ಲಿ ಒಬ್ಬನು ಪರದೆಯ ಚಿತ್ರವನ್ನು ತೆಗೆದಿಟ್ಟುಕೊಂಡರೆ ಅದು ಶಿಲಾಶಾಸನವೇ ಸರಿ. ಕೋಪದಲ್ಲಿ ಬರೆದ ಉತ್ತರಕ್ಕೆ ಈ ಅಪಾಯವು ಹೆಚ್ಚು.

ಆದುದರಿಂದ ಗೃಹಸ್ಥನು ತನ್ನ ಮನೆಯಲ್ಲಿ ಸುಲಭವಾದ ನೇಮವೊಂದನ್ನು ಇಟ್ಟುಕೊಳ್ಳಬಹುದು. ರಾತ್ರಿ ಬಂದ ಕಟುಮಾತಿಗೆ ರಾತ್ರಿಯೇ ಉತ್ತರಿಸಬಾರದು. ಬೆಳಿಗ್ಗೆ ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗಪೂಜೆಯನ್ನು ಮುಗಿಸುವವರೆಗೆ ಮೊಬೈಲನ್ನು ತೆರೆಯಬಾರದು. ಕರಸ್ಥಲದಲ್ಲಿ ಲಿಂಗವನ್ನು ಹಿಡಿದು ಧ್ಯಾನಿಸಿದ ಅದೇ ಕೈ ಆಮೇಲೆ ಜಂಗಮವಾಣಿಯನ್ನು ಹಿಡಿಯುತ್ತದೆ. ಪೂಜೆಯ ಬಳಿಕವೂ ಉತ್ತರಿಸಬೇಕೆನಿಸಿದರೆ, ಲಿಂಗದ ಮುಂದೆ ಗಟ್ಟಿಯಾಗಿ ಓದಲು ಸಂಕೋಚವಾಗದಂತಹ ಮಾತುಗಳನ್ನು ಮಾತ್ರ ಬರೆಯಬೇಕು. ಹಾಗೆ ಓದಲಾಗದ ಮಾತನ್ನು ಬರೆಯದೆ ಬಿಟ್ಟು ತನ್ನ ಕಾಯಕಕ್ಕೆ ಹೊರಡಬೇಕು. ತೋಟದಲ್ಲಿ, ಅಂಗಡಿಯಲ್ಲಿ, ಪಾಠಶಾಲೆಯಲ್ಲಿ ಅವನ ಕೆಲಸವು ಕಾದಿರುತ್ತದೆ. ಸಂಜೆ ದಾಸೋಹದ ಮನೆಯಲ್ಲಿ, ಹಳಿದವನಿಗೂ ಬಡಿಸುವ ಅನ್ನವು ಕಾದಿರುತ್ತದೆ.