ಹಳೆಯ ಸರಪಳಿ ಗರಗಸಗಳಲ್ಲಿ ಎಣ್ಣೆ ಸೋರಿಕೆ: ಪತ್ತೆ, ದುರಸ್ತಿ ಮತ್ತು ನಿರ್ವಹಣೆ

ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ

1. ಪೀಠಿಕೆ

ಮಲೆನಾಡು ಮತ್ತು ಕರಾವಳಿಯ ಗ್ರಾಮಗಳಲ್ಲಿ ಮುಂಗಾರಿನ ಗಾಳಿಮಳೆಗೆ ರಸ್ತೆಯ ಮೇಲೆ ಮರ ಉರುಳುವುದು ಪ್ರತಿವರ್ಷದ ಸಂಗತಿ. ಬಿದ್ದ ಮರವನ್ನು ತುಂಡರಿಸಿ ಸರಿಸುವವರೆಗೆ ಹೆರಿಗೆಗೆ ಹೊರಟ ವಾಹನವೂ ಶಾಲೆಯ ಮಕ್ಕಳೂ ವಿದ್ಯುತ್ ಕಂಬ ಸರಿಪಡಿಸುವ ಸಿಬ್ಬಂದಿಯೂ ಅಲ್ಲಿಯೇ ನಿಲ್ಲಬೇಕಾಗುತ್ತದೆ. ಇಂಥ ಸಂದರ್ಭದಲ್ಲಿ ಪಂಚಾಯಿತಿಯ ಸ್ವತ್ತಾಗಿರುವ ಅಥವಾ ಊರಿನವರಿಂದ ಎರವಲು ಪಡೆದ ಚೈನ್‌ಸಾ, ಅಂದರೆ ಸರಪಳಿ ಗರಗಸವೇ ಮೊದಲ ಆಸರೆ. ಇವುಗಳಲ್ಲಿ ಅನೇಕವು ಹಳೆಯವು. ವರ್ಷದ ಬಹುಕಾಲ ಮೂಲೆಯಲ್ಲಿದ್ದು ಮಳೆಗಾಲದಲ್ಲಿ ಮಾತ್ರ ಹೊರಬರುವಂಥವು.

ಹಳೆಯ ಗರಗಸಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಎಣ್ಣೆ ಸೋರಿಕೆ. ಇದನ್ನು ಕೇವಲ ಎಣ್ಣೆಯ ನಷ್ಟವೆಂದು ಪರಿಗಣಿಸುವುದು ಸರಿಯಲ್ಲ. ಸೋರಿದ ಎಣ್ಣೆ ಕ್ಲಚ್ಚಿನ ಮುಚ್ಚಳದೊಳಗೆ ಹರಡಿ ಸರಪಳಿ ಬ್ರೇಕಿನ ಪಟ್ಟಿಯನ್ನು ತೋಯಿಸಿದರೆ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಗರಗಸ ಹಿಮ್ಮುಖವಾಗಿ ಸಿಡಿದಾಗ ಕೆಲಸಗಾರನ ಮುಖ ಮತ್ತು ಕುತ್ತಿಗೆಯನ್ನು ಕಾಯುವುದು ಆ ಬ್ರೇಕೇ ಆಗಿದೆ. ಆದುದರಿಂದ ಸೋರಿಕೆಯ ಕಾರಣಗಳನ್ನು ತಿಳಿಯುವುದು ಯಂತ್ರ ನಡೆಸುವವನಿಗಷ್ಟೇ ಅಲ್ಲದೆ ದುರಸ್ತಿಗೆ ಮಂಜೂರಾತಿ ನೀಡುವ ಸದಸ್ಯರಿಗೂ ಅಗತ್ಯ.

2. ಯಂತ್ರದಲ್ಲಿರುವ ಎರಡು ಎಣ್ಣೆಗಳು

ಗರಗಸದಲ್ಲಿ ಎರಡು ಪ್ರತ್ಯೇಕ ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಇಂಧನ, ಅಂದರೆ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದ ಮಿಶ್ರಣ. ಇನ್ನೊಂದರಲ್ಲಿ ಸರಪಳಿಗೂ ಅದು ಓಡುವ ಪಟ್ಟಿಗೂ ಬೇಕಾದ ಎಣ್ಣೆ. ಇಂಧನದಲ್ಲಿ ಬೆರೆತ ಎಣ್ಣೆಯೇ ಎಂಜಿನ್ನಿನ ಒಳಭಾಗಕ್ಕೆ ಏಕೈಕ ಜಾರುಕ. ಬೇರೆ ಎಂಜಿನ್ ಆಯಿಲ್ ಇಲ್ಲಿ ಇರುವುದಿಲ್ಲ.

ಸರಪಳಿಯ ಎಣ್ಣೆ ಟ್ಯಾಂಕಿನ ತಳದ ಸೋಸುಕದಿಂದ ರಬ್ಬರ್ ಕೊಳವೆಯ ಮೂಲಕ ಸಣ್ಣ ಪಂಪಿಗೆ ಬಂದು, ಪಟ್ಟಿಯ ಬುಡದ ಕಿಂಡಿಯನ್ನು ಸೇರಿ, ಪಟ್ಟಿಯ ಗಾಡಿಯಲ್ಲಿ ಹರಡುತ್ತದೆ. ಕೆಲವು ಯಂತ್ರಗಳಲ್ಲಿ ಸರಪಳಿ ಓಡುವಾಗ ಮಾತ್ರ ಪಂಪ್ ತಿರುಗುತ್ತದೆ. ಇನ್ನು ಕೆಲವುಗಳಲ್ಲಿ ಎಂಜಿನ್ ಚಾಲನೆಯಲ್ಲಿರುವಷ್ಟು ಹೊತ್ತೂ ತಿರುಗುತ್ತಿರುತ್ತದೆ. ಎರಡನೆಯ ಬಗೆಯ ಯಂತ್ರವನ್ನು ಸುಮ್ಮನೆ ಚಾಲೂ ಇಟ್ಟರೆ ಎಣ್ಣೆ ತೊಟ್ಟಿಕ್ಕುವುದು ಸಹಜ, ಅದು ದೋಷವಲ್ಲ.

ಈ ಎಣ್ಣೆ ಮರಳಿ ಟ್ಯಾಂಕಿಗೆ ಬರುವುದಿಲ್ಲ. ತುಂಬಿದ ಎಣ್ಣೆಯೆಲ್ಲವೂ ಕೊನೆಗೆ ಮಣ್ಣು, ಮರದ ಪುಡಿ ಮತ್ತು ಹರಿಯುವ ನೀರಿನ ಪಾಲಾಗುತ್ತದೆ. ಆದ್ದರಿಂದ ವಾಹನಗಳಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಗರಗಸಕ್ಕೆ ಹಾಕುವ ರೂಢಿಯನ್ನು ಸಂಪೂರ್ಣವಾಗಿ ನಿಲ್ಲಿಸತಕ್ಕದ್ದು. ಅದರಲ್ಲಿನ ಲೋಹದ ಕಣಗಳು ಪಂಪನ್ನು ಸವೆಸುತ್ತವೆ. ಅದರ ಹಾನಿಕಾರಕ ಅಂಶಗಳು ಕೆಲಸಗಾರನ ಚರ್ಮಕ್ಕೂ ಊರಿನ ಬಾವಿಗೂ ತಲುಪುತ್ತವೆ.

3. ಸೋರಿಕೆಯೇ ಅಲ್ಲವೇ ಎಂಬ ನಿರ್ಣಯ

ಕೆಲಸ ಮುಗಿಸಿ ಇಟ್ಟ ಗರಗಸದ ಪಟ್ಟಿಯಿಂದ ಕೆಲವು ಹನಿ ಎಣ್ಣೆ ಇಳಿಯುವುದು ಎಲ್ಲ ಯಂತ್ರಗಳಿಗೂ ಇರುವ ಗುಣ. ಟ್ಯಾಂಕಿನ ಮಟ್ಟ ಎದ್ದು ಕಾಣುವಷ್ಟು ಇಳಿದರೆ ಮಾತ್ರ ಅದು ಸೋರಿಕೆ. ನಿರ್ಣಯಕ್ಕೆ ಮೂರು ರಾತ್ರಿಗಳ ಸರಳ ಪರೀಕ್ಷೆ ಸಾಕು.

ಮೊದಲ ರಾತ್ರಿ: ಯಂತ್ರವನ್ನು ಪೂರ್ಣವಾಗಿ ಒರೆಸಿ, ಎಣ್ಣೆ ಟ್ಯಾಂಕ್ ತುಂಬಿ, ನೆರಳಿನಲ್ಲಿ ಹಳೆಯ ಪತ್ರಿಕೆಯ ಹಾಳೆಗಳ ಮೇಲೆ ಇಡುವುದು. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಮಟ್ಟ ಎಷ್ಟು ಇಳಿದಿದೆ ಎಂದು ಗುರುತಿಸುವುದು.

ಎರಡನೆಯ ರಾತ್ರಿ: ಪಟ್ಟಿ ಮತ್ತು ಸರಪಳಿಯನ್ನು ಕಳಚಿ, ಎಣ್ಣೆ ಬರುವ ಕಿಂಡಿಯನ್ನು ಒರೆಸಿ ಇಡುವುದು. ಕಿಂಡಿಯಿಂದಲೇ ಎಣ್ಣೆ ಇಳಿದಿದ್ದರೆ ದೋಷ ಪಂಪಿನಲ್ಲಿ ಅಥವಾ ಟ್ಯಾಂಕಿನ ಗಾಳಿಕಿಂಡಿಯಲ್ಲಿದೆ. ಕಿಂಡಿ ಒಣಗಿದ್ದು ತಳ ತೋಯ್ದಿದ್ದರೆ ಕೊಳವೆ ಅಥವಾ ಟ್ಯಾಂಕಿನಲ್ಲಿದೆ.

ಮೂರನೆಯ ರಾತ್ರಿ: ಎಣ್ಣೆಯ ಮುಚ್ಚಳ ಕೆಳಗೆ ಬರುವಂತೆ ಮಲಗಿಸುವುದು. ಆಗ ಮಾತ್ರ ಸೋರಿದರೆ ತಪ್ಪು ಮುಚ್ಚಳದ್ದು. ಈ ಪರೀಕ್ಷೆಗೆ ಮುನ್ನ ಇಂಧನದ ಟ್ಯಾಂಕನ್ನು ಖಾಲಿ ಮಾಡಿರಬೇಕು.

ಸೋರುವುದು ಪೆಟ್ರೋಲಿನ ವಾಸನೆಯುಳ್ಳ ತೆಳುವಾದ ದ್ರವವಾಗಿದ್ದರೆ ಪರೀಕ್ಷೆ ಮುಂದುವರಿಸತಕ್ಕದ್ದಲ್ಲ. ಬಿಸಿಯಾದ ಸೈಲೆನ್ಸರಿನ ಪಕ್ಕದಲ್ಲಿ ಇಂಧನ ಸೋರುವುದು ಬೆಂಕಿಗೆ ಆಹ್ವಾನ. ಅಂಥ ಯಂತ್ರವನ್ನು ದುರಸ್ತಿಯಾಗುವವರೆಗೆ ಬಳಕೆಯಿಂದ ಹಿಂತೆಗೆಯಬೇಕು.

4. ಕಾರಣಗಳು ಮತ್ತು ಪರಿಹಾರ

ಸುಲಭವಾದುದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡುವುದು ಜಾಣತನ. ಆ ಕ್ರಮದಲ್ಲಿಯೇ ಕಾರಣಗಳನ್ನು ಇಲ್ಲಿ ನೀಡಲಾಗಿದೆ.

ಕಟ್ಟಿದ ಕಿಂಡಿ: ಪಟ್ಟಿಯ ಬುಡದ ಎಣ್ಣೆ ಕಿಂಡಿಯಲ್ಲಿ ಮರದ ಪುಡಿ ಗಟ್ಟಿಯಾದರೆ, ಪಂಪ್ ತಳ್ಳಿದ ಎಣ್ಣೆ ಪಟ್ಟಿಯೊಳಗೆ ಹೋಗದೆ ಅದರ ಹಿಂದಿನಿಂದ ಹೊರಬಂದು ತಳಕ್ಕೆ ಇಳಿಯುತ್ತದೆ. ನೋಡುವವರಿಗೆ ಯಂತ್ರ ಸೋರುತ್ತಿದೆ. ವಾಸ್ತವದಲ್ಲಿ ಸರಪಳಿ ಒಣಗಿ ಸುಡುತ್ತಿದೆ. ಗಟ್ಟಿ ತಂತಿಯಿಂದ ಕಿಂಡಿಯನ್ನೂ ಗಾಡಿಯನ್ನೂ ಸ್ವಚ್ಛಗೊಳಿಸಿದರೆ ಈ ತೊಂದರೆ ಖರ್ಚಿಲ್ಲದೆ ತೀರುತ್ತದೆ. ಪಟ್ಟಿಯ ನಟ್ಟುಗಳು ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಮುಚ್ಚಳ: ಮುಚ್ಚಳದ ರಬ್ಬರ್ ಉಂಗುರ ಚಪ್ಪಟೆಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ಇಕ್ಕಳದಿಂದ ಬಿಗಿದರೆ ಪ್ಲಾಸ್ಟಿಕ್ ಸುರುಳಿ ಹಾಳಾಗುತ್ತದೆಯೇ ಹೊರತು ಸೋರಿಕೆ ನಿಲ್ಲದು.

ಗಾಳಿಕಿಂಡಿ: ಎಣ್ಣೆ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿ ಪ್ರವೇಶಿಸಲು ಸಣ್ಣ ಕವಾಟವಿರುತ್ತದೆ. ಅದು ಕಟ್ಟಿಕೊಂಡಿದ್ದರೆ ಎರಡು ವಿರುದ್ಧ ಲಕ್ಷಣಗಳು ಒಂದೇ ಯಂತ್ರದಲ್ಲಿ ತೋರುತ್ತವೆ. ಕೆಲಸದ ವೇಳೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಎಣ್ಣೆ ಬರುವುದಿಲ್ಲ; ಕೆಲಸದ ನಂತರ ಬಿಸಿಲಿನಲ್ಲಿಟ್ಟರೆ ಒಳಗಿನ ಗಾಳಿ ಹಿಗ್ಗಿ ಎಣ್ಣೆಯನ್ನು ಪಂಪಿನ ಮೂಲಕ ಹೊರಕ್ಕೆ ತಳ್ಳುತ್ತದೆ. ಇಂಥ ಯಂತ್ರಕ್ಕೆ ಪಂಪ್ ಕೆಟ್ಟಿದೆ ಎಂದು ಹೊಸ ಪಂಪ್ ಹಾಕಿಸಿದರೂ ದೋಷ ಹಾಗೆಯೇ ಉಳಿಯುತ್ತದೆ.

ಕೊಳವೆ: ರಬ್ಬರ್ ಕೊಳವೆ ವಯಸ್ಸಾದಂತೆ ಗಟ್ಟಿಯಾಗಿ ಎರಡು ತುದಿಗಳಲ್ಲಿ ಸೀಳುತ್ತದೆ. ಹಳೆಯ ಗರಗಸಗಳ ನಿಜವಾದ ಸೋರಿಕೆಗೆ ಇದು ಸಾಮಾನ್ಯ ಕಾರಣ. ಬಿಡಿಭಾಗದ ಬೆಲೆ ಅಲ್ಪ. ಆದರೆ ಹಲವು ಯಂತ್ರಗಳಲ್ಲಿ ಅದನ್ನು ತಲುಪಲು ಕ್ಲಚ್ ಕಳಚಬೇಕು. ಬಹುತೇಕ ಗರಗಸಗಳಲ್ಲಿ ಕ್ಲಚ್ಚಿನ ಸುರುಳಿ ಎಡಮುಖವಾಗಿದ್ದು, ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದನ್ನರಿಯದೆ ಬಲ ಪ್ರಯೋಗಿಸಿದರೆ ಸಣ್ಣ ದುರಸ್ತಿ ದೊಡ್ಡದಾಗುತ್ತದೆ.

ಪಂಪ್ ಮತ್ತು ಟ್ಯಾಂಕ್: ಪಂಪಿನ ಹೊಂದಾಣಿಕೆ ತಿರುಪಿನ ಉಂಗುರ ಸವೆದಿರಬಹುದು, ಅಥವಾ ಪಂಪೇ ಸವೆದಿರಬಹುದು. ಟ್ಯಾಂಕಿನ ಬಿರುಕನ್ನು ಅಂಟಿನಿಂದ ಮುಚ್ಚಿದರೆ ಎಣ್ಣೆ ಹೀರಿದ ಮೇಲ್ಮೈಗೆ ಅದು ಬಹುಕಾಲ ಹಿಡಿಯುವುದಿಲ್ಲ; ಭಾಗವನ್ನೇ ಬದಲಿಸುವುದು ಸೂಕ್ತ.

ಎಂಜಿನ್ನಿನ ಸೀಲು: ಕ್ರ್ಯಾಂಕ್ ದಂಡದ ಸೀಲು ಸವೆದಾಗ ಹೊರಗಿನ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ವೇಗದ ಗುಂಡಿ ಬಿಟ್ಟ ಮೇಲೂ ಎಂಜಿನ್ ಜೋರಾಗಿಯೇ ಓಡುವುದು ಇದರ ಲಕ್ಷಣ. ಇಂಧನದ ಪ್ರಮಾಣ ಕಡಿಮೆಯಾಗಿ, ಅದರೊಡನೆ ಬರುವ ಜಾರುಕವೂ ಕಡಿಮೆಯಾಗಿ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಈ ಲಕ್ಷಣ ಕಂಡೊಡನೆ ಯಂತ್ರವನ್ನು ನಿಲ್ಲಿಸತಕ್ಕದ್ದು.

5. ನಿತ್ಯದ ನಿರ್ವಹಣೆ

ಇಂಧನ ಮಿಶ್ರಣ ತಯಾರಕರು ಸೂಚಿಸಿದ ಪ್ರಮಾಣದಲ್ಲಿಯೇ ಇರಬೇಕು. 50:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿ ಲೀಟರ್ ಎಣ್ಣೆ. 25:1 ಎಂದಿದ್ದರೆ 40 ಮಿಲಿ ಲೀಟರ್. ಕಣ್ಣಂದಾಜು ಸಲ್ಲದು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ತೇವಾಂಶವನ್ನು ಹೀರುತ್ತದೆ ಮತ್ತು ಹಳೆಯ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆದ್ದರಿಂದ ಮಿಶ್ರಣವನ್ನು ಬೇಕಾದಷ್ಟೇ ತಯಾರಿಸಿ ಒಂದು ತಿಂಗಳೊಳಗೆ ಬಳಸಬೇಕು.

ಪ್ರತಿದಿನ ಗಾಳಿ ಸೋಸುಕವನ್ನು ಒರೆಸಿ, ಪಟ್ಟಿಯ ಗಾಡಿಯನ್ನು ಕೆರೆದು, ಪಟ್ಟಿ ಒಂದೇ ಕಡೆ ಸವೆಯದಂತೆ ಮಗುಚಿ ಹಾಕಬೇಕು. ಪುಡಿಯ ಬದಲು ಧೂಳು ಉದುರಿದರೆ ಸರಪಳಿ ಮೊಂಡಾಗಿದೆ ಎಂದರ್ಥ. ಅರದ ಗಾತ್ರ ಸರಪಳಿಗೆ ತಕ್ಕುದಾಗಿರಬೇಕು. ಕೆಲಸಕ್ಕೆ ಮುನ್ನ ಎಣ್ಣೆ ಬರುತ್ತಿದೆಯೇ ಎಂದು ನೋಡಲು, ಪಟ್ಟಿಯ ತುದಿಯನ್ನು ಒಣ ಕಟ್ಟಿಗೆಯ ತಿಳಿಬಣ್ಣದ ಮೈಯಿಂದ ಸುಮಾರು 20 ಸೆಂಟಿಮೀಟರ್ ದೂರದಲ್ಲಿ ಹಿಡಿದು ಸರಪಳಿ ಓಡಿಸಬೇಕು. ಎಣ್ಣೆಯ ಗೆರೆ ಮೂಡಿದರೆ ವ್ಯವಸ್ಥೆ ಸರಿಯಾಗಿದೆ.

ಮಳೆಗಾಲ ಮುಗಿದ ಮೇಲೆ ಎರಡೂ ಟ್ಯಾಂಕುಗಳನ್ನು ಖಾಲಿ ಮಾಡಿ, ಕಾರ್ಬುರೇಟರಿನ ಇಂಧನ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಸರಪಳಿಗೆ ಎಣ್ಣೆ ಸವರಿ ಒಣ ಜಾಗದಲ್ಲಿ ಇಡಬೇಕು.

6. ಪಂಚಾಯಿತಿಯ ಹೊಣೆ

ಯಂತ್ರಕ್ಕೊಂದು ದಾಖಲೆ ಪುಸ್ತಕವಿರತಕ್ಕದ್ದು. ಅದರಲ್ಲಿ ಮಾದರಿಯ ಸಂಖ್ಯೆ, ಬಳಸಿದ ದಿನ, ತುಂಬಿದ ಇಂಧನ ಮತ್ತು ತುಂಬಿದ ಎಣ್ಣೆಯ ಪ್ರಮಾಣ ಇಷ್ಟನ್ನು ಬರೆದರೆ ಸಾಕು. ಇಂಧನ ಟ್ಯಾಂಕ್ ಖಾಲಿಯಾಗುವ ವೇಳೆಗೆ ಎಣ್ಣೆ ಟ್ಯಾಂಕಿನಲ್ಲಿ ಸ್ವಲ್ಪ ಮಾತ್ರ ಉಳಿಯುವಂತೆ ಯಂತ್ರವನ್ನು ರೂಪಿಸಲಾಗಿರುತ್ತದೆ. ಆದ್ದರಿಂದ ಈ ಎರಡು ಅಂಕಿಗಳ ಅನುಪಾತ ಬಹುಮಟ್ಟಿಗೆ ಸ್ಥಿರವಾಗಿರಬೇಕು. ಉದಾಹರಣೆಗೆ, 4 ಲೀಟರ್ ಇಂಧನಕ್ಕೆ 2 ಲೀಟರ್ ಎಣ್ಣೆ ಬೇಕಾಗುತ್ತಿದ್ದ ಯಂತ್ರಕ್ಕೆ 3 ಲೀಟರ್ ಬೇಕಾದರೆ ಸೋರಿಕೆ ಇದೆ. 1 ಲೀಟರ್ ಸಾಕಾದರೆ ಸರಪಳಿ ಒಣಗುತ್ತಿದೆ. ಯಂತ್ರವನ್ನು ಮುಟ್ಟದ ಸದಸ್ಯರೂ ಸಭೆಯಲ್ಲಿ ಕುಳಿತು ಇದನ್ನು ಕಂಡುಹಿಡಿಯಬಹುದು.

ದುರಸ್ತಿಯೋ ಹೊಸ ಖರೀದಿಯೋ ಎಂಬ ಪ್ರಶ್ನೆ ಬಂದಾಗ ಕೇವಲ ಸೋರಿಕೆಯನ್ನು ನೋಡಿ ತೀರ್ಮಾನಿಸಬಾರದು. ಉಂಗುರ, ಕೊಳವೆ, ಕವಾಟಗಳ ದೋಷಕ್ಕಾಗಿ ಒಳ್ಳೆಯ ಎಂಜಿನ್ನನ್ನು ಗುಜರಿಗೆ ಹಾಕುವುದು ಸಾರ್ವಜನಿಕ ಹಣದ ವ್ಯಯ. ಅಂತೆಯೇ, ಸರಪಳಿ ಬ್ರೇಕ್ ಕೆಲಸ ಮಾಡದ ಮತ್ತು ಅದಕ್ಕೆ ಬಿಡಿಭಾಗ ದೊರೆಯದ ಯಂತ್ರವನ್ನು ಎಂಜಿನ್ ಚೆನ್ನಾಗಿದೆ ಎಂಬ ಕಾರಣಕ್ಕೆ ಉಳಿಸಿಕೊಳ್ಳುವುದು ಕೆಲಸಗಾರನ ಪ್ರಾಣದೊಡನೆ ಆಡುವ ಜೂಜು.

ತಂತಿಗೆ ತಾಗಿದ ಮರವನ್ನು ವಿದ್ಯುತ್ ಸರಬರಾಜು ಕಂಪನಿಯವರು ಸಂಪರ್ಕ ಕಡಿದು ಖಚಿತಪಡಿಸುವವರೆಗೆ ಮುಟ್ಟತಕ್ಕದ್ದಲ್ಲ. ನಿಂತ ಮರಗಳ ವಿಷಯದಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷ ಅಧಿಕಾರಿಯ ಅನುಮತಿಯ ಅಗತ್ಯವನ್ನು ಗಮನದಲ್ಲಿಡಬೇಕು.

7. ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1) ಪಂಚಾಯಿತಿಯ ಗರಗಸಕ್ಕೆ ದಾಖಲೆ ಪುಸ್ತಕವಿದೆಯೇ? ಅದರಲ್ಲಿ ಇಂಧನ ಮತ್ತು ಎಣ್ಣೆಯ ಪ್ರಮಾಣ ಬೇರೆಬೇರೆಯಾಗಿ ದಾಖಲಾಗಿದೆಯೇ?

2) ಕಳೆದ ಬಾರಿ ದುರಸ್ತಿಗೆ ಮಂಜೂರಾತಿ ನೀಡುವ ಮುನ್ನ ಸೋರಿಕೆಯ ಸ್ಥಳವನ್ನು ಗುರುತಿಸಲಾಗಿತ್ತೇ?

3) ಯಂತ್ರ ನಡೆಸುವವನಿಗೆ ಶಿರಸ್ತ್ರಾಣ, ಕಣ್ಣು ಮತ್ತು ಕಿವಿಯ ರಕ್ಷಣೆ, ಕಾಲಿನ ರಕ್ಷಣೆಯ ಉಡುಪು ಹಾಗೂ ಗಟ್ಟಿ ಪಾದರಕ್ಷೆ ಒದಗಿಸಲಾಗಿದೆಯೇ?

4) ಮುಂಗಾರಿಗೆ ಮೊದಲು ಮೂರು ರಾತ್ರಿಗಳ ಪರೀಕ್ಷೆ ನಡೆಸುವ ಹೊಣೆಯನ್ನು ಯಾರಿಗೆ ವಹಿಸಬೇಕು?

ನಾಲ್ಕನೆಯ ಪ್ರಶ್ನೆಯನ್ನು ಮೇ ತಿಂಗಳ ಸಭೆಯಲ್ಲಿಯೇ ಇತ್ಯರ್ಥಪಡಿಸುವುದು ಉಚಿತ. ಜೂನ್ ತಿಂಗಳಲ್ಲಿ ಮರ ಬಿದ್ದ ಮೇಲೆ ಯಂತ್ರದ ದೋಷವನ್ನು ಹುಡುಕಲು ಸಮಯವಿರುವುದಿಲ್ಲ.