ಮೊದಲು ಮ್ಯಾಗಜೀನ್, ಆಮೇಲೆ ಸ್ಲೈಡ್

ಚುನಾವಣೆ ಬಂದಾಗ ಆಯುಧ ಒಪ್ಪಿಸಲು ಕೊಡಗು, ಮಲೆನಾಡಿನ ಠಾಣೆಗಳಿಗೆ ಬರುವ ಪರವಾನಗಿದಾರರಲ್ಲಿ ಕೋವಿಯವರೇ ಹೆಚ್ಚು. ಕೋವಿಯ ಜೊತೆಗೇ ಬೆಳೆದವರಿಗೆ ಅದನ್ನು ತೆರೆದು ಖಾಲಿ ತೋರಿಸುವುದು ಅಭ್ಯಾಸ. ವರ್ಷಕ್ಕೊಮ್ಮೆ ಬೀರುವಿನಿಂದ ಹೊರಬರುವ ಪಿಸ್ತೂಲಿನ ವಿಷಯ ಹಾಗಲ್ಲ. ಒಮ್ಮೆ ನನ್ನೆದುರೇ ಹಿರಿಯರೊಬ್ಬರು ‘ಖಾಲಿ ಇದೆ’ ಎಂದು ಪಿಸ್ತೂಲನ್ನು ಮೇಜಿನ ಮೇಲಿಟ್ಟರು. ಸಿಬ್ಬಂದಿ ಸ್ಲೈಡ್ ಎಳೆದರೆ ಒಳಗಿನಿಂದ ಜೀವಂತ ಗುಂಡು ಉರುಳಿತು. ಅವರು ಸುಳ್ಳು ಹೇಳಿರಲಿಲ್ಲ, ಕ್ರಮ ತಪ್ಪಿದ್ದರು.

ಕೈಗೆತ್ತಿಕೊಂಡ ಕ್ಷಣದಿಂದ ನಳಿಗೆ ಮರಳು ತುಂಬಿದ ಬಕೆಟ್ ಅಥವಾ ಮಣ್ಣಿನ ದಿಬ್ಬದ ಕಡೆಗಿರಲಿ. ಕಲ್ಲುಗೋಡೆಗೆ ಬಡಿದ ಗುಂಡು ತಿರುಗಿ ಬರಬಹುದು. ಬೆರಳು ಟ್ರಿಗರ್‌ನಿಂದ ಹೊರಗೆ, ಪಿಸ್ತೂಲಿನ ಮೈಗುಂಟ ನೇರವಾಗಿರಲಿ.

ಈಗ ಮೊದಲು ಮ್ಯಾಗಜೀನ್ ತೆಗೆಯಿರಿ. ತೆಗೆದು ದೂರವಿಡಿ. ಅದಾದ ಮೇಲೆಯೇ ಸ್ಲೈಡ್ ಪೂರ್ತಿ ಹಿಂದಕ್ಕೆಳೆಯಿರಿ. ಹಲವರು ಮೊದಲು ಸ್ಲೈಡ್ ಎಳೆಯುತ್ತಾರೆ. ಚೇಂಬರಿನಲ್ಲಿದ್ದ ಗುಂಡು ಹಾರಿ ಬೀಳುತ್ತದೆ, ಮನಸ್ಸು ನಿರಾಳವಾಗುತ್ತದೆ. ಆದರೆ ಸ್ಲೈಡ್ ಮುಂದಕ್ಕೆ ಹೋಗುವಾಗ ಮ್ಯಾಗಜೀನಿನ ಮೇಲಿನ ಗುಂಡನ್ನು ತಳ್ಳಿಕೊಂಡೇ ಹೋಗಿ ಚೇಂಬರಿನಲ್ಲಿ ಕೂರಿಸುತ್ತದೆ. ಆಮೇಲೆ ಮ್ಯಾಗಜೀನ್ ಕಿತ್ತರೂ ಆ ಒಂದು ಗುಂಡು ಅಲ್ಲೇ ಉಳಿಯುತ್ತದೆ. ಹಾರುವ ಗುಂಡನ್ನು ಅಂಗೈಯಲ್ಲಿ ಹಿಡಿಯಲು ಹೋಗಬೇಡಿ, ನೆಲಕ್ಕೆ ಬೀಳಲಿ. ಸ್ಲೈಡನ್ನು ಹಿಂದೆಯೇ ನಿಲ್ಲಿಸಿ ಬೆಳಕಿನಲ್ಲಿ ಚೇಂಬರ್ ನೋಡಿ, ಕತ್ತಲಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡಿ. ಟ್ರಿಗರ್ ಒತ್ತಿ ಪರೀಕ್ಷಿಸುವ ಚಟ ಇದ್ದವರು ಇವತ್ತೇ ಬಿಡಿ. ಪಿಸ್ತೂಲು ಕೈ ಬದಲಾದಾಗಲೆಲ್ಲ, ಕೊಟ್ಟವರು ಸ್ವಂತ ಅಣ್ಣನೇ ಆಗಿದ್ದರೂ, ಮತ್ತೆ ನೋಡಬೇಕು.

ರಿವಾಲ್ವರ್‌ನಲ್ಲಿ ಈ ತೊಡಕಿಲ್ಲ. .32 ರಿವಾಲ್ವರ್ ಆದರೆ ತೆರೆದು ಆರೂ ಗೂಡುಗಳನ್ನು ಎಣಿಸಿ; ಐದಕ್ಕೆ ನಿಲ್ಲಿಸಬೇಡಿ.

ಒಯ್ಯುವಾಗ ಪ್ಯಾಂಟಿನ ಜೇಬು, ಸೊಂಟದ ಸಂದು, ಕಾರಿನ ಡ್ಯಾಶ್‌ಬೋರ್ಡ್ ಬೇಡವೇ ಬೇಡ. ಜೇಬಿನ ಬೀಗದ ಕೈ ಸಾಕು ಟ್ರಿಗರ್‌ಗೆ ಸಿಕ್ಕಿಕೊಳ್ಳಲು. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಕೊಳ್ಳಿ. ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೊರಗೆ ಕಾಣದಂತೆ ಪೂರ್ತಿ ಮುಚ್ಚಿರಬೇಕು, ನಿಮ್ಮ ಹಿಡಿತದಲ್ಲೇ ಇರಬೇಕು ಎನ್ನುತ್ತವೆ 2016ರ ಶಸ್ತ್ರಾಸ್ತ್ರ ನಿಯಮಗಳು. ಚೇಂಬರಿನಲ್ಲಿ ಗುಂಡಿಟ್ಟು ಸೇಫ್ಟಿ ಹಾಕಿಕೊಂಡು ತಿರುಗುವುದನ್ನು ನಾನು ಒಪ್ಪುವುದಿಲ್ಲ. ಸೇಫ್ಟಿಯೂ ಒಂದು ಯಂತ್ರದ ಭಾಗ, ಸವೆಯುತ್ತದೆ. ಮದುವೆ ಮನೆಗಂತೂ ಒಯ್ಯಲೇಬೇಡಿ. ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ಗುಂಡುಗಳು ಇನ್ನೊಂದರಲ್ಲಿ. ಚರ್ಮದ ಹೋಲ್‌ಸ್ಟರಿನಲ್ಲೇ ಮಳೆಗಾಲ ಕಳೆದರೆ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿ, ಹೋಲ್‌ಸ್ಟರಿನಿಂದ ತೆಗೆದು ಬೀಗದೊಳಗಿಡಿ.