ಮೃಗಶಿರಾ ಮಳೆಗೆ ಮುಂಚೆ ಮನೆ: ನಲವತ್ತೈದು ದಿನದ ಸೂತ್ರಗಳು

ನಾಸಿಕ್ ಪಕ್ಕದ ತ್ರ್ಯಂಬಕದಲ್ಲಿ ಹುಟ್ಟುವ ಗೋದಾವರಿ ಪೈಠಣದ ಜಾಯಕವಾಡಿ ಜಲಾಶಯಕ್ಕೆ ಇಳಿದು, ಅಲ್ಲಿಂದ ಛತ್ರಪತಿ ಸಂಭಾಜಿನಗರದ ನಲ್ಲಿಗೆ ಏರುತ್ತಾಳೆ. ನಾಸಿಕ್, ಸಂಭಾಜಿನಗರ ಎರಡೂ ಊರುಗಳಲ್ಲಿ ಸರ್ಕಾರದ ನಗರ ನಿರ್ಮಾಣ ಸಂಸ್ಥೆ ಸಿಡ್ಕೋ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕಟ್ಟಿದ ಚಿಕ್ಕ ಮನೆಗಳ ಸಾಲುಗಳಿವೆ. ಸಾತಪುರ, ಅಂಬಡ, ವಾಳೂಜದ ಕಾರ್ಖಾನೆಗಳಿಗೆ ದುಡಿಯಲು ಹೋಗಿ ಅಲ್ಲೇ ಬೇರುಬಿಟ್ಟ ನಮ್ಮ ಕಡೆಯವರೂ ಇದ್ದಾರೆ. ಅಪ್ಪ ಕೊಂಡ ಮನೆಯನ್ನು ಮದುವೆಗೋ ಗೃಹಪ್ರವೇಶಕ್ಕೋ ಸಜ್ಜು ಮಾಡಬೇಕು, ಕೈಯಲ್ಲಿರುವುದು ಒಂದೂವರೆ ತಿಂಗಳು ಎನ್ನುವವರಿಗೆ ಈ ಮಾತುಗಳು. ಗೌಂಡಿಗೆ ಅವಸರ ಮಾಡಬಹುದು, ಒಣಗುವ ಗೋಡೆಗೆ ಮಾಡಲಾಗದು. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

1. ಗಡುವಿನಿಂದ ಹಿಂದಕ್ಕೆ ಎಣಿಸಿ. ಜೂನ್ ಎರಡನೆಯ ವಾರಕ್ಕೆ ಮಳೆ ಬರುತ್ತದೆಂದು ಇಟ್ಟುಕೊಂಡರೆ ಏಪ್ರಿಲ್ ಕೊನೆಯೊಳಗೆ ಸುತ್ತಿಗೆ ಏಟು ಬೀಳಬೇಕು. ಒಡೆಯಲು, ಪೈಪು, ವೈರು ಎಳೆಯಲು ಹತ್ತು ದಿನ, ಗಿಲಾವು ಮತ್ತು ಅದಕ್ಕೆ ನೀರುಣಿಸಲು ಹನ್ನೆರಡು, ಟೈಲ್ಸ್‌ಗೆ ಎಂಟು, ಮರಗೆಲಸ, ಬಣ್ಣ, ತೊಳೆಯುವುದಕ್ಕೆ ಉಳಿದ ಹದಿನೈದು. ನಾಸಿಕ್‌ನವರಿಗೆ ಇನ್ನೊಂದು ಗಡುವೂ ಇದೆ. ಸಿಂಹಸ್ಥ ಕುಂಭಮೇಳದ ಧ್ವಜಾರೋಹಣ 2026ರ ಅಕ್ಟೋಬರ್ 31ಕ್ಕೆ, ಮೊದಲ ಅಮೃತಸ್ನಾನ 2027ರ ಆಗಸ್ಟ್ 2ಕ್ಕೆ. ನೆಂಟರು ಬರುವುದು ನಟ್ಟ ನಡು ಮಳೆಗಾಲದಲ್ಲಿ. ಸೋರುವ ಚಾವಣಿಯ ಕೆಲಸ ಅದರ ಹಿಂದಿನ ಬೇಸಗೆಗೇ ಮುಗಿದಿರಬೇಕು.

2. ಸಾಮಾನು ಮನೆಗೆ ಬಂದ ಮೇಲೆ ಒಡೆಯಿರಿ. ಟೈಲ್ಸ್, ನಲ್ಲಿ, ಸಿಂಕು, ಸ್ವಿಚ್‌ಬೋರ್ಡ್, ಬಣ್ಣದ ಸಂಖ್ಯೆ ಎಲ್ಲವನ್ನೂ ಮೊದಲೇ ಆರಿಸಿ. ದಿನಗಳು ಪೋಲಾಗುವುದು ಹೆಚ್ಚಾಗಿ ಅಂಗಡಿಯಲ್ಲಿ, ಯಾವ ಬಣ್ಣ ಎಂದು ನಾಲ್ಕು ಜನ ನಾಲ್ಕು ಮಾತಾಡುವಾಗ. ಟೈಲ್ಸ್ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ, ಒಂದೇ ಬ್ಯಾಚಿನದು ತನ್ನಿ. ಕಡಿಮೆಬಿದ್ದು ಮತ್ತೆ ತಂದರೆ ಛಾಯೆ ಹೊಂದದು.

3. ನೀರಿನ ಲೆಕ್ಕ ಎಲ್ಲಕ್ಕಿಂತ ಮೊದಲು. ಸಂಭಾಜಿನಗರದಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ದಿನಗಟ್ಟಲೆ ಕಾಯಬೇಕು. ಹೊಸ ಸಿಮೆಂಟ್ ಗಿಲಾವಿಗೋ ಕನಿಷ್ಠ ಏಳು ದಿನ ತೇವ ಬೇಕೇ ಬೇಕು. ಮೇ ತಿಂಗಳಲ್ಲಿ ಅಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಎರಚಿದ ನೀರು ಮಧ್ಯಾಹ್ನಕ್ಕೆ ಆರಿಹೋಗಿ ಗೋಡೆ ಕೂದಲೆಳೆಯಂತೆ ಬಿರಿಯುತ್ತದೆ. ಆದ್ದರಿಂದ ನೀರು ಬರುವ ದಿನ ಕೇಳಿಕೊಂಡು, ಅದರ ಮಾರನೆಯ ದಿನ ಗಿಲಾವು ಶುರು ಮಾಡಿಸಿ. ಎರಡು ದೊಡ್ಡ ಡ್ರಮ್ ತುಂಬಿಸಿಡಿ, ಟ್ಯಾಂಕರಿನವರಿಗೆ ವಾರ ಮುಂಚೆ ಹೇಳಿಡಿ. ಬಿಸಿಲು ಬೀಳುವ ಗೋಡೆಗೆ ಒದ್ದೆ ಗೋಣಿಚೀಲ ಕಟ್ಟಿ. ಸಂಜೆ ನೀರು ಹೊಡೆಯುವ ಕೆಲಸ ಮನೆಯ ಒಬ್ಬರ ಹೆಸರಿಗೇ ಇರಲಿ. ಎಲ್ಲರ ಕೆಲಸವಾದರೆ ಯಾರೂ ಮಾಡುವುದಿಲ್ಲ.

4. ಯಾವ ಗೋಡೆ ಮುಟ್ಟಬಾರದು ಎಂದು ತಿಳಿಯಿರಿ. ಹಳೆಯ ಚಿಕ್ಕ ಮನೆಗಳಲ್ಲಿ ಇಟ್ಟಿಗೆ ಗೋಡೆಯೇ ಚಾವಣಿಯ ಭಾರ ಹೊತ್ತಿರಬಹುದು. ಹಾಲ್ ದೊಡ್ಡದಾಗಲಿ ಎಂದು ಕೆಡವುವ ಮುನ್ನ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ, ಪಾಲಿಕೆಯ ಅನುಮತಿ ಪಡೆಯಿರಿ.

ನಾಸಿಕ್‌ನ ಪಂಚವಟಿ, ಭದ್ರಕಾಲಿ ಕಡೆಯ ಹಳೆಯ ವಾಡೆ ಮನೆಗಳಿಗೆ ಇನ್ನೂ ಎಚ್ಚರ ಬೇಕು. ಸಾಗುವಾನಿ ಕಂಬ ತೊಲೆ, ಮಣ್ಣು ಸುಣ್ಣದಲ್ಲಿ ಕೂರಿಸಿದ ಇಟ್ಟಿಗೆ. ಪಕ್ಕದವರಿಗೂ ನಿಮಗೂ ಒಂದೇ ಗೋಡೆ. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ತೊಲೆಯ ತುದಿಗೆ ಸೇರುತ್ತದೆ, ಮರ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಮಳೆಗಾಲದಲ್ಲಿ ವಾಡೆ ಕುಸಿದ ಸುದ್ದಿ ನಾಸಿಕ್‌ನಲ್ಲಿ ಅಪರೂಪವಲ್ಲ. ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಇರಲಿ. ಅದು ಬಾಳುವುದೇ ಎನ್ನುವವರು ಸಂಭಾಜಿನಗರದ ಬೀಬಿ ಕಾ ಮಕಬರಾ ನೋಡಿ ಬನ್ನಿ: ಹದಿನೇಳನೆಯ ಶತಮಾನದ ಆ ಕಟ್ಟಡದಲ್ಲಿ ಗುಮ್ಮಟಕ್ಕೂ ಕೆಳಗಿನ ಒಂದಿಷ್ಟು ಭಾಗಕ್ಕೂ ಅಮೃತಶಿಲೆ, ಉಳಿದ ಬಿಳುಪಿನ ಬಹುಪಾಲು ಸುಣ್ಣದ ಗಾರೆ. ಆದರೆ ಸುಣ್ಣ ನಿಧಾನ. ವಾಡೆಯನ್ನು ನಲವತ್ತೈದು ದಿನದಲ್ಲಿ ಪೂರ್ತಿ ಮಾಡಲು ಹೋಗಬೇಡಿ; ಚಾವಣಿ ಮತ್ತು ಎರಡು ಕೋಣೆ ಸಾಕು.

5. ವೈರು, ಪೈಪು ಒಂದೇ ವಾರದಲ್ಲಿ. ದೀಪಕ್ಕೆ 1.5, ಸಾಕೆಟ್ಟಿಗೆ 2.5, ಗೀಸರ್, ಎ.ಸಿ.ಗೆ 4 ಚದರ ಮಿಲಿಮೀಟರ್ ತಾಮ್ರದ ವೈರು. ತುಕ್ಕು ಹಿಡಿದ ಕಬ್ಬಿಣದ ಪೈಪು ಬಿಟ್ಟು ಹೊಸ ನಲ್ಲಿ ಹಾಕಿಸಿದರೆ ಹಣ ದಂಡ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆಯಿರಿ. ಬಚ್ಚಲಿನ ನೆಲಕ್ಕೆ ವಾಟರ್‌ಪ್ರೂಫಿಂಗ್ ಆದಮೇಲೆ ಒಂದು ದಿನ ನೀರು ನಿಲ್ಲಿಸಿ, ಕೆಳಗೆ ಒದ್ದೆಯಾಗಿಲ್ಲವೆಂದು ನೋಡಿಯೇ ಟೈಲ್ಸ್.

6. ಶಹಾಬಾದಿ ಫರಸಿ ಕೀಳಬೇಡಿ. ಮಹಾರಾಷ್ಟ್ರದ ಹಳೆಯ ಮನೆಗಳ ಕಾಲ ಕೆಳಗೆ ಹಾಸಿರುವುದು ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು. ಅದನ್ನು ಕಂಡಾಗಲೆಲ್ಲ ನನಗೆ ಊರಿನ ಅಂಗಳ ನೆನಪಾಗುತ್ತದೆ. ಬೇಸಗೆಯಲ್ಲಿ ತಂಪು, ತೀಡಿ ಪಾಲಿಶ್ ಮಾಡಿದರೆ ಬೂದಿನೀಲಿ ಹೊಳಪು. ಒಡೆದ ನಾಲ್ಕು ಕಲ್ಲು ಬದಲಿಸಿ, ಸಂದು ತುಂಬಿಸಿದರೆ ನೆಲದ ಕೆಲಸ ಮೂರ್ನಾಲ್ಕು ದಿನಕ್ಕೆ ಮುಗಿಯುತ್ತದೆ. ಕಿತ್ತರೆ ಕಸ ಸಾಗಿಸುವುದಕ್ಕೇ ಅಷ್ಟು ದಿನ ಬೇಕು. ಮೇಲೆ ಟೈಲ್ಸ್ ಹಾಸುವುದೇ ಆದರೆ ಬಾಗಿಲುಗಳ ಕೆಳಗಂಚು ಕೊಯ್ಯಬೇಕಾಗುತ್ತದೆ, ಬಡಗಿಗೆ ಮೊದಲೇ ಹೇಳಿ.

7. ಕೆಲಸಗಾರರ ಹೊಲವನ್ನೂ ನೆನಪಿಡಿ. ಮರಾಠವಾಡಾದ ಹಳ್ಳಿಗಳಿಂದ ಬಂದ ಗೌಂಡಿ, ಕೂಲಿಯವರು ಬಿತ್ತನೆಗೆ ಊರಿಗೆ ಹೋಗುತ್ತಾರೆ. ಅದು ಅವರ ವರ್ಷದ ಅನ್ನ. ಭಾರದ ಕೆಲಸವೆಲ್ಲ ಮೇ ಕೊನೆಗೆ ಮುಗಿಯುವಂತೆ ಕೂರಿಸಿ. ಹಣವನ್ನು ಹಂತ ಮುಗಿದಂತೆ, ಆದರೆ ಮುಗಿದ ದಿನವೇ ಕೊಡಿ.

8. ಬಣ್ಣಕ್ಕೆ ಅವಸರ ಬೇಡ. ಹೊಸ ಗಿಲಾವು ಪೂರ್ತಿ ಒಣಗಲು ನಾಲ್ಕು ವಾರ ಬೇಕು. ನಮ್ಮ ಮನೆಯಲ್ಲಿ ಹತ್ತನೆಯ ದಿನಕ್ಕೇ ಪುಟ್ಟಿ ಬಳಿಸಿದೆವು. ಗಣಪತಿ ಹಬ್ಬಕ್ಕೆ ಗೋಡೆ ಹಪ್ಪಳದಂತೆ ಎದ್ದಿತ್ತು. ಈಗ ಯಾರು ಕೇಳಿದರೂ ಹೇಳುತ್ತೇನೆ: ಹಳೆಯ ಗೋಡೆಗಳಿಗೆ ಪೂರ್ತಿ ಬಣ್ಣ, ಹೊಸ ಗಿಲಾವಿಗೆ ಸದ್ಯಕ್ಕೆ ಬಿಳಿ ಸುಣ್ಣ.

9. ಅಲಂಕಾರ ಕೊನೆಯ ಎರಡು ದಿನಕ್ಕೆ, ಊರಿನದರಿಂದಲೇ. ಸಂಭಾಜಿನಗರದ ಹಿಮ್ರೂ ಬಟ್ಟೆಯ ದಿಂಬುಚೀಲ. ಅಜ್ಜಿಯ ಪೈಠಣಿ ಸೀರೆ ಉಡಲಾಗದಷ್ಟು ಹರಿದಿದ್ದರೆ ಅದರ ಸೆರಗಿಗೆ ಕಟ್ಟುಹಾಕಿಸಿ ಹಾಲ್‌ನಲ್ಲಿ ತೂಗಿಬಿಡಿ. ನಾಸಿಕ್‌ನ ಭಾಂಡಿ ಬಜಾರಿನ ಹಿತ್ತಾಳೆ ಸಮೆ ದೀಪ ಒಂದು ಜೊತೆ ಇದ್ದರೆ ದೇವರ ಮೂಲೆ ತುಂಬುತ್ತದೆ. ಉಳಿಸಿಟ್ಟ ಹೊಸ ಗೋಡೆಗಳಿಗೂ ಹೊರಗೋಡೆಗೂ ದಸರೆಯ ಬಿಸಿಲಿನಲ್ಲಿ ಬಣ್ಣ ಹೊಡೆಸಿ. ಅದಕ್ಕೆ ಬೇಕಾದ ಹಣವನ್ನು ಈಗಲೇ ಎತ್ತಿಡಿ.